ರೆಗೆನ್ಸ್‌ಬರ್ಗ್‌ನಲ್ಲಿ ಅರ್ಧ ದಿನ

ಡ್ಯಾನ್ಯೂಬ್ ನದಿಯ ಹಡಗು ಜರ್ಮನಿಯ ರೆಗೆನ್ಸ್‌ಬರ್ಗ್‌ನಲ್ಲಿ ನಿಂತಾಗ ಟ್ಯಾಕ್ಸಿ ಹುಡುಕಬೇಡಿ. ಹಳೇ ಊರು ದಂಡೆಯಲ್ಲೇ ಇದೆ, ಸುಮ್ನೆ ನಡೆಯಿರಿ. ಆದರೆ ಬೂಟು ಹಾಕಿ. ಗಲ್ಲಿಗಳಿಗೆಲ್ಲ ಕಲ್ಲು ಹಾಸಿದ್ದಾರೆ. ವಿಜಯಪುರದಿಂದ ಹೊಸ ಚಪ್ಪಲಿಯಲ್ಲಿ ಬಂದ ನಮ್ಮ ಅತ್ತಿಗೆ ಅರ್ಧ ದಾರಿಗೇ ಕೂತುಬಿಟ್ಟರು.

ಮೊದಲು ಕಲ್ಲಿನ ಸೇತುವೆ. 1135ರಲ್ಲಿ ಶುರುವಾಗಿ 1146ಕ್ಕೆ ಮುಗಿದದ್ದು. ಅಂದರೆ ನಮ್ಮ ಗೋಳಗುಮ್ಮಟಕ್ಕಿಂತ ಐನೂರು ವರ್ಷ ಹಳೆಯದು! ಆಚೆ ದಡದ ತನಕ ಹೋಗಿ ಹಿಂತಿರುಗಿ ನೋಡಿ. ಕ್ಯಾಥೆಡ್ರಲ್‌ನ ಜೋಡಿ ಗೋಪುರ ಚೆಂದ ಕಾಣುವುದು ಅಲ್ಲಿಂದಲೇ.

ಸೇತುವೆ ಪಕ್ಕದ ಹಳೇ ಅಡುಗೆಮನೆಯಲ್ಲಿ ಸುಡುವುದು ಹಂದಿ ಮಾಂಸದ ಸಾಸೇಜ್. ಸಸ್ಯಾಹಾರಿಗಳಿಗೆ ಬ್ರೆಟ್ಸೆಲ್, ಅಂದರೆ ಗಂಟಿನ ಆಕಾರದ ಬ್ರೆಡ್, ಸಾಕು. ನಾನು ಅದಕ್ಕೆ ಊರಿನ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ, ಚೆನ್ನಾಗೇ ಇತ್ತು. ಚಿಲ್ಲರೆ ಯೂರೋ ಇರಲಿ, ಶೌಚಾಲಯಕ್ಕೆ ಬೇಕಾಗುತ್ತದೆ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ಬೀಗ. ಹಡಗು ಬಿಡುವ ಹೊತ್ತನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡೇ ಇಳಿಯಿರಿ.