ಹಳೇ ಟ್ರಂಕಿನಲ್ಲಿ ಗಾಜಿನ ಸಿರಿಂಜ್ ಸಿಕ್ಕರೆ ಏನು ಮಾಡಬೇಕು

ಬಾಗಲಕೋಟೆಯ ಹಳೇ ಊರು ಬಿಟ್ಟು ನವನಗರಕ್ಕೆ ಬಂದ ಎಷ್ಟೋ ಮನೆಗಳಲ್ಲಿ ಇನ್ನೂ ಬಿಚ್ಚದ ಟ್ರಂಕುಗಳಿವೆ. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಗಡಿಬಿಡಿಯಲ್ಲಿ ಕಟ್ಟಿದ ಸಾಮಾನು. ಮನೆಯಲ್ಲಿ ಹಿಂದೆ ಡಾಕ್ಟರೋ ಕಂಪೌಂಡರೋ ನರ್ಸೋ ಇದ್ದಿದ್ದರೆ, ಅದರಲ್ಲಿ ಒಂದು ಚಪ್ಪಟೆ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಗಾಜಿನ ಸಿರಿಂಜ್ ಸಿಗಬಹುದು. ಗುಜರಿಗೆ ಹಾಕಬೇಡಿ. ಅದು ಯಾವ ಕಾಲದ್ದು, ಯಾರ ಕೆಲಸ ಅನ್ನೋದು ಬಹಳಷ್ಟು ಅದರ ಮೈಮೇಲೇ ಇರುತ್ತದೆ.

ಮೊದಲು ಸೂಜಿಗಳ ವಿಷಯ ಮುಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಚಿಮಟದಲ್ಲಿ ಎತ್ತಿ. ಆಗಿನ ಸೂಜಿಗಳನ್ನು ಕಲ್ಲಿಗೆ ಮಸೆದು ಮತ್ತೆ ಮತ್ತೆ ಬಳಸುತ್ತಿದ್ದರು, ತೂತು ಕಟ್ಟಿಕೊಳ್ಳದಿರಲಿ ಅಂತ ಒಳಗೆ ಕೂದಲಿನಂಥ ತಂತಿ ತೂರಿಸಿ ಇಡುತ್ತಿದ್ದರು. ಆ ತಂತಿ ಇನ್ನೂ ಇದ್ದರೆ ನೋಡಲು ಚೆನ್ನಾಗಿರುತ್ತದೆ ನಿಜ, ಆದರೂ ಇಟ್ಟುಕೊಳ್ಳಬೇಡಿ. ಚುಚ್ಚಿದರೂ ತೂತಾಗದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಗೊತ್ತಿರುವ ದವಾಖಾನೆಗೆ ಕೊಡಿ. ಕಸದ ಗಾಡಿಗೆ ಮಾತ್ರ ಬೇಡ, ಅದನ್ನು ಕೈಯಲ್ಲಿ ಬೇರ್ಪಡಿಸುವವರು ನಮ್ಮಂಥವರೇ ಅಲ್ವಾ.

ಈಗ ಸಿರಿಂಜ್ ಕೈಗೆ ತೆಗೆದುಕೊಳ್ಳಿ. ಒಳಗಿನ ಪಿಸ್ಟನ್ ಗಾಜಿನದ್ದೋ ಲೋಹದ್ದೋ ನೋಡಿ, ಕಥೆಯ ಅರ್ಧ ಭಾಗ ಅಲ್ಲೇ ಇದೆ. 1853ರಲ್ಲಿ ಫ್ರಾನ್ಸಿನ ಲಿಯೋನ್‌ನ ಚಾರ್ಲ್ಸ್ ಪ್ರವಾಜ್ ಬಳಸಿದ ಪುಟ್ಟ ಸಿರಿಂಜ್ ಬೆಳ್ಳಿಯದ್ದು, ತಿರುಪು ತಿರುಗಿಸಿ ಔಷಧಿ ಬಿಡುವಂಥದ್ದು. ಅದೇ ಹೊತ್ತಿಗೆ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಗಾಜಿನ ನಳಿಗೆ ಬಳಸಿದ, ಎಷ್ಟು ಔಷಧಿ ಹೋಯಿತು ಅನ್ನೋದು ಕಣ್ಣಿಗೆ ಕಾಣತೊಡಗಿತು. ಆದರೆ ಆ ಕಾಲದ ಪಿಸ್ಟನ್‌ಗೆ ಚರ್ಮವನ್ನೂ ಸುತ್ತುತ್ತಿದ್ದರು. ಕುದಿಸಿದರೆ ಚರ್ಮ ಕೆಡುತ್ತದೆ, ಕುದಿಸದಿದ್ದರೆ ಸೋಂಕು. ಈ ಇಕ್ಕಟ್ಟಿನಿಂದ ಬಿಡಿಸಿದ್ದು ಪ್ಯಾರಿಸ್‌ನ ಉಪಕರಣ ತಯಾರಕರಾದ ಲೂಯರ್ ಮನೆತನ. 1890ರ ದಶಕದಲ್ಲಿ ಅವರು ನಳಿಗೆ, ಪಿಸ್ಟನ್ ಎರಡನ್ನೂ ಗಾಜಿನಲ್ಲೇ ಮಾಡಿದರು. ಅಮೆರಿಕದ ಬೆಕ್ಟನ್ ಡಿಕಿನ್ಸನ್ ಕಂಪನಿ 1897ರಲ್ಲಿ ಮಾರಿದ ಮೊದಲ ಸಾಮಾನೇ ಲೂಯರ್ ಸಿರಿಂಜ್, ಬೆಲೆ ಎರಡೂವರೆ ಡಾಲರ್. ಗಾಜಿನ ನಳಿಗೆಯಲ್ಲಿ ಲೋಹದ ಪಿಸ್ಟನ್ ಇದ್ದರೆ ಅದು ಬಹುಶಃ 'ರೆಕಾರ್ಡ್' ಜಾತಿಯದ್ದು, ಬರ್ಲಿನ್‌ನಲ್ಲಿ 1906ರಲ್ಲಿ ಹುಟ್ಟಿದ್ದು. ಸೂಜಿ ಕೂರುವ ತುದಿಯಲ್ಲಿ ತಿರುಗಿಸಿ ಬಿಗಿಯುವ ಲೋಹದ ಕಟ್ಟು ಇದ್ದರೆ ಲೂಯರ್ ಲಾಕ್, 1925ರ ನಂತರದ್ದು.

ಮುಂದಿನದು ನಂಬರ್. ಪಿಸ್ಟನ್ ಮೇಲೂ ನಳಿಗೆ ಮೇಲೂ ಒಂದೇ ಅಂಕಿ ಕೆತ್ತಿದೆಯಾ ನೋಡಿ. ಇದ್ದರೆ ಅವೆರಡೂ ಜೋಡಿ. ಗಾಜಿನ ಪಿಸ್ಟನ್ನನ್ನು ಬೆಳಕಿಗೆ ಹಿಡಿದರೆ ಮಸುಕಾಗಿ ಕಾಣುತ್ತದಲ್ಲ, ಅದು ಸಣ್ಣ ಪುಡಿ ಹಾಕಿ ಉಜ್ಜಿದ ಗುರುತು. ರಬ್ಬರ್ ಇಲ್ಲ, ವಾಷರ್ ಇಲ್ಲ, ಆದರೂ ಸೋರದ ಹಾಗೆ ಒಂದೊಂದು ಪಿಸ್ಟನ್ನನ್ನೂ ಅದರದೇ ನಳಿಗೆಗೆ ಹೊಂದುವಂತೆ ಉಜ್ಜಿ ಕೂರಿಸಿದ್ದಾರೆ. ಹೀಗಾಗಿ ಒಂದರದ್ದು ಇನ್ನೊಂದಕ್ಕೆ ಹೊಂದೋದಿಲ್ಲ, ಒಂದು ಒಡೆದರೆ ಇನ್ನೊಂದೂ ದಂಡ. ಯಾವ ಪಿಸ್ಟನ್ ಯಾವ ನಳಿಗೆಗಾದರೂ ಹೊಂದುವ ಸಿರಿಂಜನ್ನು 1946ರಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಬ್ರದರ್ಸ್ ಗಾಜಿನ ಕಾರ್ಖಾನೆ ತಂದಿತು. ನಮ್ಮಲ್ಲಿ 1950ರ ದಶಕದ ಕೊನೆಯಿಂದ ಹಿಂದೂಸ್ತಾನ್ ಸಿರಿಂಜಸ್‌ನವರು ಮೊದಲು ಗಾಜಿನದ್ದನ್ನೇ ಮಾಡಿದರು, ಈಗಿನ ಡಿಸ್ಪೋವ್ಯಾನ್ ಪ್ಲಾಸ್ಟಿಕ್ ಸಿರಿಂಜ್ ಅವರದೇ.

ಗೆರೆಗಳನ್ನೂ ಓದಿ. 'ಸಿಸಿ' ಅಂತ ಇದ್ದರೆ ಸಾಮಾನ್ಯ ಸಿರಿಂಜ್. 'ಮಿನಿಮ್' ಅಳತೆ ಇದ್ದರೆ ಬ್ರಿಟಿಷ್ ಪದ್ಧತಿಯದ್ದು, ಸುಮಾರು 17 ಮಿನಿಮ್ ಸೇರಿದರೆ 1 ಎಂ.ಎಲ್. ಸಣ್ಣಗೆ ಉದ್ದಗೆ ಇದ್ದು 'ಯುನಿಟ್' ಅಂತ ಬರೆದಿದ್ದರೆ ಇನ್ಸುಲಿನ್‌ನದ್ದು, ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ ಇದ್ದಿರಬಹುದು. ಡಬ್ಬಿಯಲ್ಲಿ ಎರಡು ಮುಳ್ಳಿನ ಪುಟ್ಟ ಫೋರ್ಕಿನಂಥ ಸೂಜಿ ಇದ್ದರೆ ಅದು ದೇವಿ ಹಾಕುವುದು, ಅಂದರೆ ಸಿಡುಬಿನ ಲಸಿಕೆಯದ್ದು, 1960ರ ದಶಕದಲ್ಲಿ ಬಂದದ್ದು. ಆ ಲಸಿಕೆಗೆ ಸಿರಿಂಜ್ ಬೇಕೇ ಇರಲಿಲ್ಲ. ಬೆಳಗಾವಿಯವರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಗೊತ್ತಲ್ಲ, ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು.

ತೊಳೆಯೋದು ಹೇಗೆ? ಪಿಸ್ಟನ್ ಅಂಟಿಕೊಂಡಿದ್ದರೆ ತಿರುಚಿ ಎಳೆಯಬೇಡಿ, ಗಾಜು ಅಂಗೈಯಲ್ಲೇ ಒಡೆಯುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಬೇಕಾದರೆ ಇನ್ನೊಂದು ದಿನ. ತಣ್ಣಗಿರುವ ಗಾಜಿಗೆ ಕುದಿಯೋ ನೀರು ಹೊಯ್ಯಬೇಡಿ. ಗಾಜಿನ ಮೇಲೆ ಬಿಳಿ ಪದರ ಇದ್ದರೆ ಅದು ನಮ್ಮ ಕಡೆಯ ಸವಳು ನೀರಲ್ಲಿ ದಿನಾ ಕುದಿಸಿದ್ದರ ಗುರುತು, ಔಷಧಿ ಅಲ್ಲ. ಇಂಡಿ ಲಿಂಬೆಯ ರಸ ಹಿಂಡಿ ಅರ್ಧ ಗಂಟೆ ಬಿಟ್ಟು ತೊಳೆದರೆ ಕರಗುತ್ತದೆ. ಸ್ಟೀಲ್ ನಾರು, ಮರಳು, ಬೂದಿ ಯಾವುದೂ ಬೇಡ. ಉಜ್ಜಿದ ಮೈ ಗೀರಿದರೆ ಆ ಬಿಗಿ ಹೋಯಿತು, ಗೆರೆಗಳ ಬಣ್ಣವೂ ಎದ್ದು ಬರಬಹುದು.

ಪೂರ್ತಿ ಒಣಗಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ಮಂಚದ ಮೇಲೆ ಕೂತು ಮಾಡಿ, ಕೆಳಗೆ ಹಾಸಿಗೆ ಇರಲಿ. ಪಿಸ್ಟನ್ ಅರ್ಧ ಎಳೆದು, ತುದಿಯ ತೂತಿಗೆ ಬೆರಳು ಒತ್ತಿ, ಇನ್ನೂ ಸ್ವಲ್ಪ ಎಳೆದು ಬಿಡಿ. ಜೋಡಿ ಸರಿಯಿದ್ದರೆ ಅದು ತಾನಾಗಿ ಹಿಂದಕ್ಕೆ ಜಾರುತ್ತದೆ. ಅಷ್ಟು ವರ್ಷಗಳ ನಂತರವೂ ಗಾಳಿ ನುಸುಳದ ಆ ಕೆಲಸ ನೋಡಿದರೆ ಮಾಡಿದವರ ಬಗ್ಗೆ ಗೌರವ ಬಾರದೆ ಇರೋದಿಲ್ಲ.

ಇದನ್ನು ಮತ್ತೆ ಇಂಜೆಕ್ಷನ್‌ಗೆ ಮಾತ್ರ ಬಳಸಬೇಡಿ, ಎಷ್ಟು ಕುದಿಸಿದರೂ ಬೇಡ. ಕುದಿಯೋ ನೀರಿಗೆ ಕೆಲವು ರೋಗಾಣುಗಳ ಬೀಜಕಗಳು ಸಾಯೋದಿಲ್ಲ. ಅದಕ್ಕೇ ಆಟೋಕ್ಲೇವ್ ಅನ್ನೋ ಹಬೆ ಯಂತ್ರದಲ್ಲಿ ಒತ್ತಡ ಕೊಟ್ಟು 121 ಡಿಗ್ರಿಗೆ ಏರಿಸುತ್ತಾರೆ. ಜನ ಸಾಲುಗಟ್ಟಿ ನಿಂತಾಗ ಬರೀ ಸೂಜಿ ಬದಲಿಸಿ ಸಿರಿಂಜ್ ಹಾಗೇ ಇಟ್ಟುಕೊಂಡರೆ ರಕ್ತದ ಕಾಯಿಲೆಗಳು ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಒಂದೇ ಸಲ ಬಳಸಿ ಬಿಸಾಡುವ ಸಿರಿಂಜ್ ಬಂದಿದ್ದು ಒಳ್ಳೆಯದೇ ಆಯಿತು.

ಎತ್ತಿಡುವಾಗ ಪಿಸ್ಟನ್ ಹೊರಗೆ ತೆಗೆದೇ ಇಡಿ, ಒಳಗೇ ಬಿಟ್ಟರೆ ಮತ್ತೆ ಕಚ್ಚಿಕೊಳ್ಳಬಹುದು. ಎರಡನ್ನೂ ಬೇರೆ ಬೇರೆ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದೇ ಡಬ್ಬಿಯಲ್ಲಿ ಹಾಕಿ. ಜೊತೆಗೆ ಒಂದು ಚೀಟಿ: ಯಾರದ್ದು, ಯಾವ ಊರಲ್ಲಿ ದವಾಖಾನೆ ಇತ್ತು, ಮೇಲೆ ಯಾವ ಕಂಪನಿಯ ಹೆಸರು, ಯಾವ ನಂಬರ್. ಪೆನ್ಸಿಲ್‌ನಲ್ಲಿ ಬರೆಯಿರಿ, ತೇವ ತಗುಲಿದರೂ ಹರಡೋದಿಲ್ಲ.