ಊರ ವೀರಗಲ್ಲು, ಅಜ್ಜಿಯ ಪದ: ಮೊಬೈಲ್ ಹಿಡಿದು ಪಾಠ ಮಾಡುವುದು ಹೇಗೆ?

ಬೇಲೂರು, ಹಳೇಬೀಡಿಗೆ ಶಾಲಾ ಪ್ರವಾಸ ಹೋಗಿ ಬಂದ ಮಕ್ಕಳನ್ನು ನಿಮ್ಮೂರ ಕೆರೆ ಏರಿ ಮೇಲಿರುವ ಕಲ್ಲು ಯಾರದ್ದು ಅಂತ ಕೇಳಿ ನೋಡಿ. ಬಹಳಷ್ಟು ಮಕ್ಕಳಿಗೆ ಗೊತ್ತಿರುವುದಿಲ್ಲ. ಹೊಯ್ಸಳರ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಹೆಮ್ಮೆಯ ವಿಷಯವೇ, ಆದರೆ ಊರಿನದು ಊರಲ್ಲೇ ಮರೆತುಹೋಗಬಾರದು ಅಲ್ವಾ? ಸ್ಮಾರ್ಟ್ ಬೋರ್ಡಿನಲ್ಲಿ ಸುಮ್ನೆ ವಿಡಿಯೊ ಹಾಕಿ ಕೂರಿಸಿದರೆ ಮಕ್ಕಳಿಗೆ ಏನೂ ಅಂಟುವುದಿಲ್ಲ. ಮೊಬೈಲನ್ನು ಅವರ ಕೈಗೇ ಕೊಡಿ.

ಮೊದಲು ಒಂದೇ ಒಂದು ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನೆಟ್ಟ ಕಲ್ಲು, ಆರಿಸಿಕೊಳ್ಳಿ. ಹಾಸನ, ಚಿಕ್ಕಮಗಳೂರು ಕಡೆ ಇದಕ್ಕೆ ಬರವಿಲ್ಲ. ಮಟಮಟ ಮಧ್ಯಾಹ್ನ ಫೋಟೊ ತೆಗೆಯಬೇಡಿ, ಬಿಸಿಲು ನೆತ್ತಿ ಮೇಲಿದ್ದಾಗ ಸವೆದ ಅಕ್ಷರ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಓರೆ ಬೆಳಕಿನಲ್ಲಿ ಹೋಗಿ. ನೆರಳಿದ್ದರೆ ಒಬ್ಬರು ಇನ್ನೊಂದು ಮೊಬೈಲಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ನಿಧಾನಕ್ಕೆ ಆಚೀಚೆ ಸರಿಸಲಿ. ಅಕ್ಷರದ ಗೀರಿನಲ್ಲಿ ನೆರಳು ಬಿದ್ದ ಕೂಡಲೇ ಸಾಲು ಎದ್ದು ಕಾಣುತ್ತದೆ, ಆಗ ಮಕ್ಕಳ ಮುಖ ನೋಡಬೇಕು! ಕಲ್ಲಿಗೆ ಎಣ್ಣೆ, ಬಣ್ಣ, ಸೀಮೆಸುಣ್ಣ ಹಚ್ಚಲೇಬೇಡಿ. ಪಾಚಿ ಕೆರೆಯುವುದೂ ಬೇಡ.

ಇಡೀ ಕಲ್ಲಿನದೊಂದು ಫೋಟೊ, ಆಮೇಲೆ ಅಡ್ಡಡ್ಡ ಕೆತ್ತಿದ ಒಂದೊಂದು ಪಟ್ಟಿಕೆಗೂ ಒಂದು. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಡಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಆತ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗೆ ದನಗಳಿದ್ದರೆ ತುರುಗಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನ ಕಲ್ಲಿರಬಹುದು. ಇದನ್ನೆಲ್ಲ ನೀವೇ ಹೇಳಿಬಿಡಬೇಡಿ, ಕೆಳಗಿನಿಂದ ಮೇಲಕ್ಕೆ ಮಕ್ಕಳೇ ಓದಲಿ.

ಬರಹವಿದ್ದರೆ ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ ತೆಗೆಯಿರಿ. 5ನೇ ಸಂಪುಟ ಹಾಸನದ್ದು, 6ನೆಯದು ಕಡೂರಿನದು, ಅಂದರೆ ಈಗಿನ ಚಿಕ್ಕಮಗಳೂರಿನದು. ಇಂಟರ್‌ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಪುಟಗಳು ಪುಕ್ಕಟೆ ಸಿಗುತ್ತವೆ. ತಾಲ್ಲೂಕುವಾರು ಜೋಡಿಸಿದ್ದಾರೆ, ನಿಮ್ಮೂರ ಹೆಸರು ಹುಡುಕಿ. ತಮ್ಮೂರಿನ ಹೆಸರನ್ನು ನೂರು ವರ್ಷ ಹಿಂದಿನ ಅಚ್ಚಿನಲ್ಲಿ ಕಂಡರೆ ಯಾವ ಮಗುವಿಗೆ ಖುಷಿಯಾಗುವುದಿಲ್ಲ ಹೇಳಿ?

ಇನ್ನು ಹಾಡು, ಅದನ್ನೂ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ. ಸೋಬಾನೆ, ಬೀಸುವ ಪದ, ಸುಗ್ಗಿ ಪದ ಗೊತ್ತಿರುವ ಅಜ್ಜಿ ಪ್ರತಿ ಊರಲ್ಲೂ ಒಬ್ಬರಾದರೂ ಸಿಗುತ್ತಾರೆ. ಫ್ಯಾನ್, ಟಿವಿ ಆರಿಸಿ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಹಾಡಿನ ನಡುವೆಯೇ ಕರೆ ಬರುತ್ತದೆ. ಮಡಚಿದ ಟವಲಿನ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿಡಿ. ‘ಹಾಡಜ್ಜಿ’ ಅಂದರೆ ಎಷ್ಟೋ ಸಲ ಮೊದಲ ಸಾಲೇ ನೆನಪಾಗುವುದಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಗೂಟ ಹಿಡಿದರೆ ಪದ ತಾನಾಗಿ ಬರುತ್ತದೆ. ಕಲ್ಲಿನ ಸದ್ದೂ ಸೇರಲಿ ಬಿಡಿ, ಅದೂ ಹಾಡಿನದೇ ಭಾಗ. ಮುಗಿದ ಮೇಲೆ ಅವರಿಗೆ ಕೇಳಿಸಿ, ಯಾರಿಂದ ಕಲಿತದ್ದು, ಯಾವ ಶಾಸ್ತ್ರಕ್ಕೆ ಹಾಡುತ್ತಿದ್ದರು ಅಂತ ಮಕ್ಕಳೇ ಕೇಳಿ ಬರೆದುಕೊಳ್ಳಲಿ. ತರಗತಿಗೆ ಬಂದು ಸಾಲುಗಳನ್ನು ಕಿವಿಯಿಂದಲೇ ಬರೆಯಿಸಿ. ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ, ದಯವಿಟ್ಟು.

ಫೈಲಿಗೆ ಊರು, ಹಾಡಿನ ಹೆಸರು, ತಾರೀಕು ಹಾಕಿ ಅವತ್ತೇ ಶಾಲೆಯ ಕಂಪ್ಯೂಟರಿಗೂ ಪೆನ್‌ಡ್ರೈವಿಗೂ ಇಳಿಸಿಬಿಡಿ. ಮೂಡಿಗೆರೆ, ಸಕಲೇಶಪುರದ ಕಡೆ ನೆಟ್‌ವರ್ಕ್ ನಂಬಿ ಪಾಠ ಮಾಡುವ ಹಾಗಿಲ್ಲ.

ಕಲ್ಲಿನ ಫೋಟೊಗಳನ್ನು ಫೋಟೊ, ಧ್ವನಿಗಳನ್ನು ಎಲ್ಲರೊಂದಿಗೆ ಹಂಚಿಕೊಳ್ಳುವ ಜಾಲತಾಣ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಹಾಡಿನ ವಿಷಯ ಬೇರೆ. ಅಲ್ಲಿಗೆ ಹಾಕಿದ್ದನ್ನು ಯಾರು ಬೇಕಾದರೂ, ದುಡ್ಡು ಮಾಡಲೂ ಬಳಸಬಹುದು ಅಂತ ಹಾಡಿದವರಿಗೆ ಬಿಡಿಸಿ ಹೇಳಿ. ಅವರು ಬೇಡ ಅಂದರೆ ಶಾಲೆಯಲ್ಲೇ ಇರಲಿ. ಒಪ್ಪಿದರೆ ಅಲ್ಲಿಗೆ ಹಾಕಿ, ಆ ಹಾಡಿನ ಕೊಂಡಿಗೆ ಕ್ಯೂಆರ್ ಕೋಡ್ ಮಾಡಿ ಶಾಲೆಯ ಗೋಡೆಗೆ ಅಂಟಿಸಿ, ಕಲ್ಲಿಗೆ ಮಾತ್ರ ಬೇಡ. ಕೋಡ್ ಪಕ್ಕದಲ್ಲಿ ಹಾಡಿದವರ ಹೆಸರನ್ನು ಅವರನ್ನು ಕೇಳಿಯೇ ದೊಡ್ಡದಾಗಿ ಬರೆಯಿಸಿ.