ಕುರಿ ವರ್ಷದ ಮಳೆಗಾಲ

ಮುಂಡಗೋಡದ ಟಿಬೆಟ್ ಕ್ಯಾಂಪ್ ನಮ್ಮ ಶಿರಸಿಯಿಂದ ಒಂದೇ ಬಸ್ಸಿನ ದಾರಿ. ಚಿಕ್ಕಂದಿನಿಂದ ಪೇಟೆಯಲ್ಲಿ ಲಾಮಾಗಳನ್ನು ನೋಡುತ್ತಲೇ ಬೆಳೆದವಳು ನಾನು. ಆದರೆ ಅವರೆಲ್ಲ ಇಲ್ಲಿ ಬಂದು ಹೇಗೆ ನೆಲೆ ಕಂಡರು ಅಂತ ಒಬ್ಬರನ್ನೂ ಕೇಳಿರಲಿಲ್ಲ. ಕ್ಯಾಂಪ್ ಶುರುವಾದದ್ದು 1966ರಲ್ಲಿ. ಆಗ ಕಾಡು ಕಡಿದು ಗದ್ದೆ ಮಾಡಿದವರಿಗೆ ಈಗ ಎಂಬತ್ತು ದಾಟಿದೆ. ಅವರ ನೆನಪುಗಳನ್ನು ಬರೆದುಕೊಳ್ಳೋಣ ಅಂತ ಹೊರಟೆ.

ಮೊದಲ ದಿನ ಕ್ಯಾಂಪಿನ ಅಜ್ಜಿಯೊಬ್ಬರ ಮನೆಗೆ ಹೋದೆ, ಏನೂ ಸಿಗಲಿಲ್ಲ. ಕೂತ ಕೂಡಲೇ "ಟಿಬೆಟ್‌ನಿಂದ ಹೇಗೆ ತಪ್ಪಿಸಿಕೊಂಡು ಬಂದಿರಿ?" ಅಂತ ಕೇಳಿದ್ದೆ. ಅಜ್ಜಿ ಜಪಮಣಿ ತಿರುಗಿಸುತ್ತಾ ನಾಲ್ಕು ಮಾತು ಹೇಳಿದರು. 1959ರಲ್ಲಿ ಹೊರಟದ್ದು, ರಾತ್ರಿ ಹೊತ್ತು ನಡೆದದ್ದು, ಹಿಮದಲ್ಲಿ ತಾಯಿ ತೀರಿಕೊಂಡದ್ದು. ಆಮೇಲೆ ಕಿಟಕಿ ಕಡೆ ನೋಡುತ್ತಾ ಕೂತುಬಿಟ್ಟರು. ಗುರುತಿಲ್ಲದ ಹೆಂಗಸು ಮನೆಗೆ ಬಂದು ಅಂಥ ಪ್ರಶ್ನೆ ಕೇಳಿದರೆ ಯಾರಾದರೂ ಏನು ಹೇಳಿಯಾರು, ಅಲ್ವಾ?

ಎರಡನೇ ಸಲ ಹೋಗುವಾಗ ಹಲಸಿನ ಹಪ್ಪಳ ಒಯ್ದೆ. ಅವರು ಬೆಣ್ಣೆ ಚಹಾ ಕೊಟ್ಟರು. ಉಪ್ಪಿನ ಚಹಾ ನನಗೆ ಹೊಸದು. "ಇಲ್ಲಿಗೆ ಬಂದ ಮೊದಲ ವರ್ಷ ಏನು ಊಟ ಮಾಡುತ್ತಿದ್ದಿರಿ?" ಅಂತ ಕೇಳಿದೆ, ಅಷ್ಟೇ. ಎರಡು ತಾಸು ಮಾತಾಡಿದರು!

ಹಿಮಾಚಲದ ಗುಡ್ಡಗಳಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದು, ಅಲ್ಲಿಂದ ರೈಲು ಹತ್ತಿ ಬಂದವರು ಅವರು. ಟಿಬೆಟ್‌ನ ರಾಜಧಾನಿ ಲ್ಹಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಆ ಗಾಳಿಗೆ ಹುಟ್ಟಿದ ಮೈಗೆ ನಮ್ಮ ಏಪ್ರಿಲ್ ಸೆಕೆ! ಅದು ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಊರಿಂದ ತಂದಿದ್ದ ಒಂದೇ ಒಂದು ಉಣ್ಣೆಯ ಛುಪಾ (ಅವರ ಉದ್ದನೆಯ ನಿಲುವಂಗಿ) ಒಣಗಲೇ ಇಲ್ಲ, ಬೂಷ್ಟು ಹಿಡಿದು ಹೋಯಿತು. ಅದನ್ನು ಹೇಳುವಾಗ ಅಜ್ಜಿಯ ಕಣ್ಣು ತುಂಬಿತು. ತಾಯಿಯ ಸಾವು ಹೇಳುವಾಗ ಬಾರದ ನೀರು ಛುಪಾ ನೆನಪಾದಾಗ ಬಂತು. ಅದು ತಾಯಿಯದೇ ಛುಪಾ ಅಂತ ನನಗೆ ಗೊತ್ತಾದದ್ದು ಆಮೇಲೆ.

ಅವರ ಊಟ ತ್ಸಂಪಾ, ಅಂದರೆ ಹುರಿದು ಬೀಸಿದ ಬಾರ್ಲಿ ಹಿಟ್ಟು. ಅದಕ್ಕೆ ಬೇಕಾದ ಬಾರ್ಲಿ ಇಲ್ಲಿ ಇರಲಿಲ್ಲ. ಗೋವಿನಜೋಳ ಹುರಿದು ಬೀಸಿ ನೋಡಿದರಂತೆ. ರುಚಿ ಬೇರೆ, ಆದರೆ ಹುರಿಯುವ ವಾಸನೆ ಮಾತ್ರ ಮನೆಯದು ಅಂದರು. ಬಿತ್ತುವುದು ಯಾವಾಗ, ಹಂದಿ ಬಂದರೆ ಏನು ಮಾಡಬೇಕು ಅಂತ ಪಕ್ಕದ ಹಳ್ಳಿಯ ರೈತರೊಬ್ಬರು ಕೈಸನ್ನೆಯಲ್ಲೇ ಕಲಿಸಿದರಂತೆ. ಅಜ್ಜಿ ಕಲಿತ ಮೊದಲ ಕನ್ನಡ ಮಾತು "ನಾಳೆ ಬಾ".

ಮೊಮ್ಮಗಳು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಅಜ್ಜಿ ಐದು ನಿಮಿಷ ಮಾತಾಡಿದರೆ ಇವಳು "ತುಂಬಾ ಕಷ್ಟ ಆಯ್ತಂತೆ" ಅಂತ ಮುಗಿಸುತ್ತಿದ್ದಳು. ಬೇಸರದಿಂದಲ್ಲ. ಅವಳೂ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದಳು, ಗಂಟಲು ಕಟ್ಟುತ್ತಿತ್ತು. ಹಾಗಾಗಿ ಪದ್ಧತಿ ಬದಲಿಸಿದೆ. ಅಜ್ಜಿ ಹೇಳುವಷ್ಟು ಹೊತ್ತು ನಾವಿಬ್ಬರೂ ಸುಮ್ನೆ ಕೇಳುವುದು, ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು. ಬೇರೊಂದು ದಿನ ಅವಳ ಜೊತೆ ಕೂತು ಒಂದೊಂದೇ ಮಾತು ನಿಲ್ಲಿಸಿ ಬರೆಯುವುದು. ಹತ್ತು ನಿಮಿಷದ ಮಾತಿಗೆ ಒಂದು ಮಧ್ಯಾಹ್ನ ಬೇಕು. ಇದಕ್ಕಿಂತ ಬೇಗ ಮಾಡುವ ದಾರಿ ನನಗೆ ಸಿಕ್ಕಿಲ್ಲ.

ಇಸವಿಗಳದ್ದು ಇನ್ನೊಂದು ಗೊಂದಲ. ಕಾಗದದಲ್ಲಿ ಒಂದು ವರ್ಷ, ಅಜ್ಜಿ ಹೇಳುವುದು ಇನ್ನೊಂದು. ಅವರ ಲೆಕ್ಕ ಪ್ರಾಣಿಗಳದ್ದು, ಹನ್ನೆರಡು ವರ್ಷದ ಸುತ್ತು. 1959 ಹಂದಿ ವರ್ಷ, 1966 ಕುದುರೆ ವರ್ಷ. ತಾವು ಬಂದದ್ದು ಕುರಿ ವರ್ಷ ಅಂದರು, ಅಂದರೆ 1967. ಹುಟ್ಟಿದ್ದು ಹಾವಿನ ವರ್ಷ, ಬರುವಾಗ ಬೆನ್ನಿಗೆ ಮಗು ಇತ್ತು, ಹಾಗಾದರೆ 1941 ಇರಬೇಕು. ಅವರ ವರ್ಷ ಶುರುವಾಗುವುದು ಲೋಸರ್ ಹಬ್ಬಕ್ಕೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ. ಜನವರಿಯ ನೆನಪಾದರೆ ಹಿಂದಿನ ಪ್ರಾಣಿಗೇ ಸೇರಿಸಬೇಕು.

ಊರಲ್ಲೇ ಉಳಿದ ತಮ್ಮನ ವಿಷಯವನ್ನೂ ಅಜ್ಜಿ ಹೇಳಿದ್ದರು. ವಾರದ ನಂತರ ಮೊಮ್ಮಗಳ ಫೋನು ಬಂತು. ಅದನ್ನು ಅಳಿಸಬೇಕಂತೆ, ಅಲ್ಲಿರುವವರಿಗೆ ತೊಂದರೆ ಆಗಬಾರದು ಅಂತ. ಅವರ ಮನೆಗೇ ಹೋಗಿ, ಅವರ ಎದುರೇ ಅಳಿಸಿದೆ. ಬರೆದಿದ್ದ ಎರಡು ಹಾಳೆ ಹರಿದು ಕೈಗೆ ಕೊಟ್ಟೆ. ಅಜ್ಜಿ ಅದನ್ನು ಒಲೆಗೆ ಹಾಕಿ, ಚಹಾಕ್ಕೆ ನೀರಿಟ್ಟರು.